ಸರ್ವೀಸ್‌ನಿಂದ ಬಂದ ಮೇಲೆ ಉಬುಂಟು ಕಾಣ್ತಿಲ್ಲ, ನೇರ ವಿಂಡೋಸ್‌ಗೇ ಹೋಗ್ತಿದೆ. ಗುರುವಾರ ಪ್ರಾಜೆಕ್ಟ್ ರಿವ್ಯೂ!

ಅಡಿಕೆ_ತೋಟ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಷದಿಂದ ವಿಂಡೋಸ್ 11, ಉಬುಂಟು 22.04 (ಲಿನಕ್ಸ್) ಎರಡೂ ಸಿಸ್ಟಮ್ ಇವೆ. ಒಂದೇ ಎಸ್‌ಎಸ್‌ಡಿ, 512 ಜಿಬಿ. ಆನ್ ಮಾಡಿದ ತಕ್ಷಣ ಗ್ರಬ್ ಮೆನು ಬರುತ್ತಿತ್ತು, ಬೇಕಾದ್ದನ್ನು ಆರಿಸಿಕೊಳ್ಳುತ್ತಿದ್ದೆ.

ಹೋದ ವಾರ ಕೀಬೋರ್ಡಿನ ನಾಲ್ಕು ಕೀ ಕೈಕೊಟ್ಟವು ಅಂತ ಸರ್ವೀಸ್‌ಗೆ ಕೊಟ್ಟೆ. ನಿನ್ನೆ ವಾಪಸ್ ಬಂತು. ಕೀಬೋರ್ಡ್ ಚೆನ್ನಾಗಿದೆ. ಆದರೆ ಈಗ ಗ್ರಬ್ ಬರೋದೇ ಇಲ್ಲ, ಸೀದಾ ವಿಂಡೋಸ್. ಎಫ್12 ಒತ್ತಿದರೆ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಒಂದೇ ಇದೆ. ಮೊದಲು ಅದರ ಮೇಲೆ ‘ಉಬುಂಟು’ ಅಂತ ಇರುತ್ತಿತ್ತು. ಫೋನ್ ಮಾಡಿ ಕೇಳಿದೆ. ‘ಡೇಟಾ ಮುಟ್ಟಿಲ್ಲ, ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮ್) ಅಪ್‌ಡೇಟ್ ಮಾತ್ರ ಮಾಡಿದ್ದೇವೆ’ ಅಂದರು.

ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ಪೂರ್ತಿ ಉಬುಂಟು ಒಳಗೆ ಇದೆ. ಕ್ಯಾಮೆರಾದಿಂದ ಅಡಿಕೆ ದರ್ಜೆ ಗುರುತಿಸುವ ಪ್ರಾಜೆಕ್ಟ್. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ಮಾಡಿ ಮೂರು ತಿಂಗಳು ಮಂಡಿಯಲ್ಲಿ ಕೂತು ತೆಗೆದ ಫೋಟೋಗಳು ಅದರಲ್ಲೇ ಇವೆ. ಎರಡು ತಿಂಗಳ ಹಿಂದಿನ ಬ್ಯಾಕಪ್ ಒಂದಿದೆ, ಅದರಲ್ಲಿ ಅರ್ಧವೂ ಇಲ್ಲ. ಗುರುವಾರ ರಿವ್ಯೂ. ಗೆಳತಿ ‘ಉಬುಂಟು ಮತ್ತೆ ಇನ್‌ಸ್ಟಾಲ್ ಮಾಡು’ ಅಂತಿದ್ದಾಳೆ. ಮಾಡಲಾ?

ನೀಲಿ_ಪರದೆ · ರಾತ್ರಿ 9:52

ಮಾಡಿ. ಅರ್ಧ ಗಂಟೆ ಕೆಲಸ. ಹೋಮ್ ಫೋಲ್ಡರ್ ಉಳಿಸಿಕೊಳ್ಳುವ ಆಯ್ಕೆ ಇರುತ್ತೆ.

ಗ್ರಬ್_ಗೆಳೆಯ · ರಾತ್ರಿ 9:55

ಬೇಡ ಬೇಡ ಬೇಡ. ತಮ್ಮಾ, ಇನ್‌ಸ್ಟಾಲರ್ ಹತ್ತಿರ ಹೋಗಲೇಬೇಡ. ಒಂದು ಕ್ಲಿಕ್ ತಪ್ಪಿದರೆ ಮೂರು ತಿಂಗಳು ಹೋಯ್ತು.

ಮೊದಲು ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಏನೇನು ಪಾರ್ಟಿಷನ್ ಇದೆ ಅಂತ ಹೇಳು. ನೋಡು ಅಷ್ಟೇ. ಯಾವುದರ ಮೇಲೂ ರೈಟ್ ಕ್ಲಿಕ್ ಮಾಡಬೇಡ.

ಅಡಿಕೆ_ತೋಟ · ರಾತ್ರಿ 10:08

ತಮ್ಮ ಅಲ್ಲ ಸರ್, ತಂಗಿ.

ನೋಡಿದೆ. ಮೊದಲು 100 ಎಂಬಿ ಇಎಫ್‌ಐ ಅಂತ ಇದೆ. ಆಮೇಲೆ ಸಿ ಡ್ರೈವ್. ಆಮೇಲೆ ಸುಮಾರು 165 ಜಿಬಿಯದ್ದು ಒಂದು, ಅದಕ್ಕೆ ಡ್ರೈವ್ ಅಕ್ಷರ ಇಲ್ಲ, ‘ಹೆಲ್ದಿ’ ಅಂತ ಬರೆದಿದೆ. ಕೊನೆಗೆ ರಿಕವರಿ. ನಿಮ್ಮ ಮೆಸೇಜ್ ನೋಡೋಕೆ ಮುಂಚೆಯೇ ಆ 165ರ ಮೇಲೆ ರೈಟ್ ಕ್ಲಿಕ್ ಮಾಡಿಬಿಟ್ಟಿದ್ದೆ. ‘ಡಿಲೀಟ್ ವಾಲ್ಯೂಮ್’ ಅಂತ ಒಂದೇ ಆಯ್ಕೆ ಬಂತು. ಎದೆ ಧಸಕ್ ಅಂತು. ಏನೂ ಒತ್ತದೆ ಮುಚ್ಚಿದೆ.

ಗ್ರಬ್_ಗೆಳೆಯ · ರಾತ್ರಿ 10:15

ಕ್ಷಮಿಸು ತಂಗೀ. ಆ 165 ಜಿಬಿಯೇ ನಿನ್ನ ಉಬುಂಟು. ವಿಂಡೋಸ್‌ಗೆ ಲಿನಕ್ಸ್ ಪಾರ್ಟಿಷನ್ ಓದೋಕೆ ಬರಲ್ಲ. ಅದಕ್ಕೇ ತೆರೆಯುವ ಆಯ್ಕೆ ಕೊಡದೆ ಅಳಿಸುವ ಆಯ್ಕೆ ಮಾತ್ರ ಕೊಡುತ್ತೆ. ಅಡಿಕೆ ಫೋಟೋ ಎಲ್ಲವೂ ಅಲ್ಲೇ ಇರಬೇಕು. ಇವತ್ತು ನಿದ್ದೆ ಮಾಡು.

ಆಗಿದ್ದು ಏನು ಅಂದರೆ, ಯುಇಎಫ್‌ಐ (ಅಂದರೆ ಈಗಿನ ಹೊಸ ರೀತಿಯ ಬಯಾಸ್) ಲ್ಯಾಪ್‌ಟಾಪ್‌ಗಳಲ್ಲಿ ಯಾವ ಸಿಸ್ಟಮ್ ಎಲ್ಲಿದೆ ಅನ್ನೋ ಪಟ್ಟಿ ಡಿಸ್ಕ್‌ನಲ್ಲಿ ಇರಲ್ಲ. ಮದರ್‌ಬೋರ್ಡಿನ ಎನ್‌ವಿರ್ಯಾಮ್ ಅನ್ನೋ ಪುಟ್ಟ ಜಾಗದಲ್ಲಿ ಇರುತ್ತೆ. ಬಯಾಸ್ ಅಪ್‌ಡೇಟ್ ಆದಾಗ ಕೆಲವು ಸಲ ಆ ಪಟ್ಟಿ ಅಳಿಸಿಹೋಗುತ್ತೆ. ವಿಂಡೋಸ್‌ನ ಬೂಟ್ ಫೈಲ್ ಇರುವ ಜಾಗ ಹೆಚ್ಚಿನ ಕಂಪನಿಗಳ ಬಯಾಸ್‌ಗೆ ಬಾಯಿಪಾಠ. ಅದು ತಾನಾಗೇ ವಾಪಸ್ ಬರುತ್ತೆ. ಉಬುಂಟು ಹೆಸರನ್ನು ನಾವೇ ಮತ್ತೆ ಬರೆಸಬೇಕು. ಮನೆ ಹಾಗೇ ಇದೆ, ಪೋಸ್ಟ್‌ಮ್ಯಾನ್ ಹತ್ತಿರ ಇದ್ದ ವಿಳಾಸ ಮಾತ್ರ ಕಳೆದಿದೆ.

ನೀಲಿ_ಪರದೆ · ರಾತ್ರಿ 10:20

ಸರಿ, ನನ್ನ ಸಲಹೆ ವಾಪಸ್. ಆದರೆ ಬಯಾಸ್‌ನಲ್ಲಿರೋ ಸೆಕ್ಯೂರ್ ಬೂಟ್ (ಬೂಟ್ ಫೈಲ್‌ನ ಸಹಿ ನೋಡಿ ಒಳಗೆ ಬಿಡೋದು) ಆಫ್ ಮಾಡಿದರೆ ಬಗೆಹರಿಯುತ್ತೆ ಅಲ್ವಾ? ನಂದು ಹಾಗೇ ಸರಿಹೋಗಿತ್ತು.

ಹುಬ್ಬಳ್ಳಿ_ಹಾರ್ಡ್‌ವೇರ್ · ರಾತ್ರಿ 10:31

ನೀಲಿ ಪರದೆಯವರೇ, ಸ್ವಲ್ಪ ತಡೀರಿ. ನಾನು ಹನ್ನೆರಡು ವರ್ಷದಿಂದ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ, ನೋಡಬೇಕು. ಇದನ್ನು ಯಾರೂ ಹೇಳಲಿಲ್ಲ ನೋಡಿ.

ತಂಗೀ, ವಿಂಡೋಸ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆಯಾ ನೋಡಮ್ಮ. ಆನ್ ಇದ್ದು ನೀನು ಸೆಕ್ಯೂರ್ ಬೂಟ್ ಬದಲಿಸಿದರೆ, ಮುಂದಿನ ಸಲ ನೀಲಿ ಸ್ಕ್ರೀನ್ ಬಂದು 48 ಅಂಕಿಯ ಕೀ ಕೇಳುತ್ತೆ. ಎಷ್ಟೋ ಜನಕ್ಕೆ ತಮ್ಮ ಲ್ಯಾಪ್‌ಟಾಪ್‌ಗೆ ಬೀಗ ಬಿದ್ದಿದೆ ಅಂತಲೇ ಗೊತ್ತಿರಲ್ಲ. ಕೀ ಇಲ್ಲದಿದ್ದರೆ ನನ್ನಂಥವನಿಗೂ ಏನೂ ಮಾಡೋಕೆ ಬರಲ್ಲ. ಹೋದ ತಿಂಗಳು ಒಬ್ಬ ಅಜ್ಜ ಬಂದಿದ್ದರು, ಮೊಮ್ಮಗನ ನಾಮಕರಣದ ಫೋಟೋ ಎಲ್ಲ ಒಳಗೆ. ಮೈಕ್ರೋಸಾಫ್ಟ್ ಅಕೌಂಟ್ ಮಗನ ಹೆಸರಲ್ಲಿತ್ತು, ಮಗ ದುಬೈಯಲ್ಲಿ. ರಾತ್ರಿ ಹನ್ನೊಂದಕ್ಕೆ ಫೋನ್ ಹಚ್ಚಿ ಒಂದೊಂದೇ ಅಂಕಿ ಕೇಳಿ ಬರೆದುಕೊಂಡೆವು.

ಅಡಿಕೆ_ತೋಟ · ರಾತ್ರಿ 10:50

ಆನ್ ಇದೆ ಅಣ್ಣಾ! ನಾನು ಯಾವತ್ತೂ ಆನ್ ಮಾಡಿಲ್ಲ. ಅಕೌಂಟ್‌ಗೆ ಹೋಗಿ ನೋಡಿದೆ, ಕೀ ಸಿಕ್ಕಿತು. ಆರಾರು ಅಂಕಿಯ ಎಂಟು ಗುಂಪು. ಲ್ಯಾಬ್ ರೆಕಾರ್ಡ್‌ನ ಕೊನೆ ಹಾಳೆಯಲ್ಲಿ ಬರೆದುಕೊಂಡೆ. ನನ್ನ ತಂಗಿ ಜೋರಾಗಿ ಓದಿದಳು, ನಾನು ತಾಳೆ ನೋಡಿದೆ.

ಹುಬ್ಬಳ್ಳಿ_ಹಾರ್ಡ್‌ವೇರ್ · ರಾತ್ರಿ 10:54

ಶಾಣ್ಯಾ ಹುಡುಗಿ. ಇನ್ನೊಂದು ಮಾತು. ಸರಿ ಮಾಡೋದು ಆಮೇಲೆ, ಮೊದಲು ಕಾಪಿ. ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಉಬುಂಟು ಓಡಿಸುವ ಪೆನ್ ಡ್ರೈವ್) ‘ಟ್ರೈ ಉಬುಂಟು’ ಕೊಟ್ಟು ಒಳಗೆ ಹೋಗು, ನಿನ್ನ ಪ್ರಾಜೆಕ್ಟ್ ಫೋಲ್ಡರ್ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿಕೋ. ಅಲ್ಲಿ ‘ಇನ್‌ಸ್ಟಾಲ್’ ಬಟನ್ ಮುಟ್ಟಬೇಡ. ಕಾಪಿ ಕೈಯಲ್ಲಿದ್ದರೆ ಆಮೇಲೆ ಏನೇ ಪ್ರಯೋಗ ಮಾಡಿದರೂ ಕೈ ನಡುಗಲ್ಲ.

ಕುಂದಾಪ್ರ_ಕೋಡ್ · ಸೋಮವಾರ ಬೆಳಿಗ್ಗೆ 7:12

ಇಷ್ಟೆಲ್ಲ ಯಾಕೆ? ವಿಂಡೋಸ್‌ನಲ್ಲೇ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಬಿಸಿಡಿಎಡಿಟ್ ಕಮಾಂಡ್‌ನಿಂದ ಬೂಟ್ ಮ್ಯಾನೇಜರ್‌ನ ದಾರಿಯನ್ನು ಉಬುಂಟುವಿನ ಶಿಮ್ ಫೈಲ್ (ಗ್ರಬ್‌ಗೆ ಮುಂಚೆ ಓಡುವ ಚಿಕ್ಕ ಪ್ರೋಗ್ರಾಮ್) ಕಡೆಗೆ ತಿರುಗಿಸಿದರೆ ಒಂದು ನಿಮಿಷದ ಕೆಲಸ. ಪೆನ್ ಡ್ರೈವೂ ಬೇಡ.

ಗ್ರಬ್_ಗೆಳೆಯ · ಬೆಳಿಗ್ಗೆ 7:40

ಕೆಲಸ ಆಗುತ್ತೆ, ಒಪ್ಪುತ್ತೇನೆ. ಆದರೆ ನನಗೆ ಆ ದಾರಿ ಇಷ್ಟ ಇಲ್ಲ. ನೀವು ಹೊಸ ಹೆಸರು ಸೇರಿಸುತ್ತಿಲ್ಲ, ವಿಂಡೋಸ್ ಹೆಸರಿನ ಬೋರ್ಡನ್ನೇ ಉಬುಂಟು ಬಾಗಿಲಿಗೆ ಹಾಕುತ್ತಿದ್ದೀರಿ. ಎಫ್12 ಪಟ್ಟಿಯಲ್ಲಿ ವಿಂಡೋಸ್ ಅಂತ ಒತ್ತಿದರೆ ಗ್ರಬ್ ಬರುತ್ತೆ. ಗ್ರಬ್‌ಗೆ ಏನಾದರೂ ಆದ ದಿನ ವಿಂಡೋಸ್‌ಗೆ ಹೋಗೋಕೂ ದಾರಿ ಇರಲ್ಲ.

ಕುಂದಾಪ್ರ_ಕೋಡ್ · ಬೆಳಿಗ್ಗೆ 7:44

ನಾನು ಮೂರು ವರ್ಷದಿಂದ ಹಾಗೇ ಇಟ್ಟಿದ್ದೇನೆ ಮಾರಾಯ್ರೆ. ಏನೂ ಆಗಿಲ್ಲ.

ಗ್ರಬ್_ಗೆಳೆಯ · ಬೆಳಿಗ್ಗೆ 7:46

ನಿಮಗೆ ಆಗಿಲ್ಲ, ಸಂತೋಷ. ಅವಳಿಗೆ ಗುರುವಾರ ರಿವ್ಯೂ ಇದೆ. ಎರಡೂ ಬಾಗಿಲು ತೆರೆದಿರಲಿ ಅಂತ ನನ್ನ ಆಸೆ.

ಸಿಂಗಪುರ_ಕನ್ನಡಿಗ · ಬೆಳಿಗ್ಗೆ 8:05

ಈಗಿನ ಕಾಲದಲ್ಲಿ ಡ್ಯುಯಲ್ ಬೂಟ್ ಯಾಕೆ ಬೇಕು? ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ವಿಂಡೋಸ್ ಒಳಗೇ ಉಬುಂಟು ಓಡುತ್ತೆ. ನಮ್ಮ ಟೀಮ್‌ನಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ.

ಅಡಿಕೆ_ತೋಟ · ಬೆಳಿಗ್ಗೆ 8:30

ಸರ್, ಅದನ್ನೂ ನೋಡಿದ್ದೆ. ನನ್ನದು ರಾಸ್ 2 ಹಂಬಲ್ (ರೋಬಾಟ್ ಕೆಲಸದ ಸಾಫ್ಟ್‌ವೇರ್), ಯುಎಸ್‌ಬಿ ಕ್ಯಾಮೆರಾ. ಡಬ್ಲ್ಯುಎಸ್‌ಎಲ್‌ಗೆ ಯುಎಸ್‌ಬಿ ನೇರವಾಗಿ ಸಿಗಲ್ಲ, ಬೇರೆ ಟೂಲ್ ಹಾಕಿ ಜೋಡಿಸಬೇಕು. ಕ್ಯಾಮೆರಾ ಕಾಣಿಸಿಕೊಳ್ಳಲೇ ಇಲ್ಲ. ಉಬುಂಟುವಿನಲ್ಲಿ ಚುಚ್ಚಿದ ತಕ್ಷಣ ಬಂತು.

ಸಿಂಗಪುರ_ಕನ್ನಡಿಗ · ಬೆಳಿಗ್ಗೆ 8:33

ಕ್ಯಾಮೆರಾ ಇದ್ದರೆ ನೀವು ಮಾಡಿದ್ದೇ ಸರಿ. ನನ್ನದು ಬರೀ ಸರ್ವರ್ ಕೋಡ್, ಅದಕ್ಕೇ ಹಾಗೆ ಹೇಳಿದೆ.

ಪ್ರೆಸ್_ಅಂಗಡಿ · ಬೆಳಿಗ್ಗೆ 9:20

ನನಗೂ ಎರಡು ಬೇಕೇ ಬೇಕು. ಹಳೆ ಲಗ್ನಪತ್ರಿಕೆ ಫೈಲ್‌ಗಳೆಲ್ಲ ನುಡಿಯ ಹಳೆ ಫಾಂಟ್‌ನಲ್ಲಿವೆ, ಯೂನಿಕೋಡ್ ಅಲ್ಲ. ಅವನ್ನು ವಿಂಡೋಸ್‌ನಲ್ಲೇ ತೆರೆಯಬೇಕು. ಲೆಕ್ಕಕ್ಕೆ ಟ್ಯಾಲಿ. ಉಳಿದ ಕೆಲಸ ಎಲ್ಲ ಉಬುಂಟು.

ನನ್ನ ತೊಂದರೆ ಬೇರೆ ಇತ್ತು. ಉಬುಂಟುವಿನಿಂದ ಡಿ ಡ್ರೈವ್ ತೆರೆದರೆ ಓದೋಕೆ ಬರುತ್ತಿತ್ತು, ಸೇವ್ ಆಗುತ್ತಿರಲಿಲ್ಲ. ಡಿಸ್ಕ್ ಹೋಯ್ತು ಅಂತ ಹೊಸದು ತರೋಕೆ ಹೊರಟಿದ್ದೆ. ಕೊನೆಗೆ ನೋಡಿದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ನಾವು ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗಲ್ಲ, ಅರ್ಧ ಎಚ್ಚರ ಇಟ್ಟುಕೊಂಡು ಡಿಸ್ಕ್ ಹಿಡಿದುಕೊಂಡೇ ಇರುತ್ತೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಆಫ್ ಮಾಡಿದೆ, ಸರಿಹೋಯ್ತು. ಎರಡು ಸಿಸ್ಟಮ್ ಇಟ್ಟುಕೊಂಡವರು ಮೊದಲ ದಿನವೇ ಅದನ್ನು ಆಫ್ ಮಾಡಬೇಕು.

ಮೈಸೂರು_ಮೇಷ್ಟ್ರು · ಬೆಳಿಗ್ಗೆ 9:48

ಪ್ರೆಸ್ ಅಂಗಡಿಯವರೇ, ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡೋದು ಹೇಗೆ? ನನಗೆ ನುಡಿ ಕೀಲಿಮಣೆಯೇ ರೂಢಿ.

ಪ್ರೆಸ್_ಅಂಗಡಿ · ಬೆಳಿಗ್ಗೆ 9:55

ಟೈಪ್ ಮಾಡೋಕೆ ಇರುವ ಐಬಸ್ ಜೊತೆ ಎಂ17ಎನ್ ಹಾಕಿಕೊಳ್ಳಿ ಮೇಷ್ಟ್ರೇ. ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಸಿಗುತ್ತೆ. ನುಡಿಯದೇ ಕೀಲಿಮಣೆ, ಬೆರಳು ಬದಲಿಸಬೇಕಿಲ್ಲ.

ಅಡಿಕೆ_ತೋಟ · ಸೋಮವಾರ ಸಂಜೆ 6:35

ಕಾಪಿ ಆಯ್ತು!! ಲೈವ್ ಯುಎಸ್‌ಬಿಯಿಂದ ಹೋದೆ. ಫೈಲ್ಸ್‌ನಲ್ಲಿ ಎಡಗಡೆ ನನ್ನ ಪಾರ್ಟಿಷನ್ ಕಾಣಿಸಿತು. ಹೋಮ್, ಅದರೊಳಗೆ ನನ್ನ ಹೆಸರು, ಅದರೊಳಗೆ ‘ಮಂಡಿ’ ಫೋಲ್ಡರ್. ಮೊದಲನೇ ಫೋಟೋ ತೆರೆದೆ. ಗೋಣಿಚೀಲದ ಮೇಲೆ ಹರಡಿದ ರಾಶಿ ಅಡಿಕೆ, ಮೂಲೆಯಲ್ಲಿ ಅಪ್ಪನ ಹೆಬ್ಬೆರಳು. ಅಳು ಬಂತು. 43 ಜಿಬಿ, ಗೆಳತಿಯ ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡೆ.

ಈಗ ಮುಂದೇನು?

ಗ್ರಬ್_ಗೆಳೆಯ · ಸಂಜೆ 6:50

ಈಗ ಧೈರ್ಯವಾಗಿ ಮುಂದೆ ಹೋಗೋಣ. ಬಯಾಸ್ ಸೆಟಪ್‌ಗೆ ಹೋಗು. ಬೂಟ್ ಪುಟದಲ್ಲಿ ‘ಆಡ್ ಬೂಟ್ ಆಪ್ಷನ್’ ಇದೆಯಾ ನೋಡು. ಇದ್ದರೆ ಅಲ್ಲೇ ಫೈಲ್ ಆರಿಸಬಹುದು. ಇಎಫ್‌ಐ ಫೋಲ್ಡರ್, ಅದರೊಳಗೆ ಉಬುಂಟು ಫೋಲ್ಡರ್. ಅಲ್ಲಿರುವ ಫೈಲ್ ಆರಿಸಿ ‘ಉಬುಂಟು’ ಅಂತ ಹೆಸರು ಕೊಡು.

ಆ ಆಯ್ಕೆ ಇಲ್ಲದಿದ್ದರೆ ಲೈವ್ ಯುಎಸ್‌ಬಿಯ ಟರ್ಮಿನಲ್‌ನಿಂದ ಇಎಫ್‌ಐ ಬೂಟ್ ಮ್ಯಾನೇಜರ್ ಕಮಾಂಡ್ ಕೊಟ್ಟು ಸೇರಿಸಬಹುದು.

ಹುಬ್ಬಳ್ಳಿ_ಹಾರ್ಡ್‌ವೇರ್ · ಸಂಜೆ 7:02

ಟರ್ಮಿನಲ್ ದಾರಿ ಹಿಡಿಯುವವರಿಗೆ ಒಂದು ಸೂಚನೆ. ಲೈವ್ ಯುಎಸ್‌ಬಿ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಆಗಿರಬೇಕು. ಹಳೆ ಲೆಗಸಿ ಮೋಡ್‌ನಲ್ಲಿ ಬೂಟ್ ಆಗಿದ್ದರೆ ಆ ಕಮಾಂಡ್ ‘ಇಎಫ್‌ಐ ವೇರಿಯಬಲ್ಸ್ ಇಲ್ಲ’ ಅಂತ ಕೈ ಎತ್ತುತ್ತೆ. ಎಫ್12 ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಿಸಿದರೆ, ಹೆಸರಿನ ಜೊತೆ ಯುಇಎಫ್‌ಐ ಅಂತ ಬರೆದಿರೋದನ್ನು ಆರಿಸಿ. ಬೂಟ್ ಪೆನ್ ಡ್ರೈವ್ ತಯಾರಿಸುವ ರೂಫಸ್ ಪ್ರೋಗ್ರಾಮ್‌ನಲ್ಲಿ ಮೊದಲೇ ಜಿಪಿಟಿ ಅಂತ ಕೊಟ್ಟರೆ ಈ ಗೊಂದಲವೇ ಇಲ್ಲ.

ಅಡಿಕೆ_ತೋಟ · ಸಂಜೆ 7:41

ಬಯಾಸ್‌ನಲ್ಲೇ ಆಯ್ಕೆ ಇತ್ತು. ಉಬುಂಟು ಫೋಲ್ಡರ್‌ನಲ್ಲಿ ಗ್ರಬ್‌ಎಕ್ಸ್64, ಶಿಮ್‌ಎಕ್ಸ್64, ಇನ್ನೂ ಒಂದೆರಡು ಫೈಲ್ ಇದ್ದವು. ಗ್ರಬ್ ತಾನೇ ಬೇಕಾಗಿರೋದು ಅಂತ ಗ್ರಬ್ ಫೈಲ್ ಆರಿಸಿದೆ. ರೀಸ್ಟಾರ್ಟ್ ಮಾಡಿದರೆ ಕೆಂಪು ಚೌಕದಲ್ಲಿ ‘ಸೆಕ್ಯೂರ್ ಬೂಟ್ ವಯೊಲೇಷನ್’ ಅಂತ ಬಂತು. ಓಕೆ ಒತ್ತಿದರೆ ಮತ್ತೆ ವಿಂಡೋಸ್. ಫೈಲ್ ಕೆಟ್ಟಿದೆಯಾ?

ನೀಲಿ_ಪರದೆ · ಸಂಜೆ 7:43

ನಾನು ನಿನ್ನೆ ಹೇಳಿದ್ದು ಇದನ್ನೇ! ಸೆಕ್ಯೂರ್ ಬೂಟ್ ಆಫ್ ಮಾಡಿ.

ಮೈಸೂರು_ಮೇಷ್ಟ್ರು · ಸಂಜೆ 7:58

ಆಫ್ ಮಾಡಬೇಕಿಲ್ಲ. ಫೈಲ್ ಕೆಟ್ಟಿಲ್ಲ, ಆರಿಸಿದ್ದು ಬೇರೆ. ಶಿಮ್ ಆರಿಸಮ್ಮ.

ಯಾಕೆ ಅಂತ ಹೇಳುತ್ತೇನೆ, ತರಗತಿಯಲ್ಲಿ ಪ್ರತಿ ವರ್ಷ ಈ ಪ್ರಶ್ನೆ ಬರುತ್ತೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಬಯಾಸ್ ತನಗೆ ಗೊತ್ತಿರುವ ಸಹಿ ಇರುವ ಫೈಲನ್ನು ಮಾತ್ರ ಒಳಗೆ ಬಿಡುತ್ತೆ. ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಸಹಿ ನಂಬಿಕೆಯ ಪಟ್ಟಿಯಲ್ಲಿ ಇರುತ್ತೆ. ಉಬುಂಟುವಿನ ಗ್ರಬ್‌ಗೆ ಉಬುಂಟು ಕಂಪನಿಯಾದ ಕೆನಾನಿಕಲ್ ಸಹಿ ಇದೆ, ಬಯಾಸ್‌ಗೆ ಆ ಸಹಿಯ ಪರಿಚಯ ಇಲ್ಲ. ನಡುವೆ ಶಿಮ್ ಅನ್ನೋ ಚಿಕ್ಕ ಪ್ರೋಗ್ರಾಮ್ ಇದೆ. ಅದಕ್ಕೆ ಮೈಕ್ರೋಸಾಫ್ಟ್ ಸಹಿ ಹಾಕಿದೆ, ಅದಕ್ಕೆ ಕೆನಾನಿಕಲ್ ಸಹಿಯೂ ಗೊತ್ತು. ಬಯಾಸ್ ಶಿಮ್ ಅನ್ನು ನಂಬುತ್ತೆ, ಶಿಮ್ ಗ್ರಬ್ ಅನ್ನು ನಂಬುತ್ತೆ. ಮದುವೆ ಮನೆಗೆ ಪರಿಚಯದವರ ಜೊತೆ ಹೋದ ಹಾಗೆ.

ನೀಲಿ_ಪರದೆ · ಸಂಜೆ 8:04

ಇದು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ. ಎರಡು ವರ್ಷದಿಂದ ಸುಮ್ನೆ ಆಫ್ ಮಾಡಿಟ್ಟಿದ್ದೇನೆ. ಈ ಭಾನುವಾರ ಆನ್ ಮಾಡಿ ನೋಡ್ತೀನಿ.

ಕುಂದಾಪ್ರ_ಕೋಡ್ · ಸಂಜೆ 8:10

ಶಿಮ್ ವಿಷಯ ಬಂತಲ್ಲ. 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಷ್ಟೋ ಡ್ಯುಯಲ್ ಬೂಟ್ ಮಷಿನ್‌ಗಳಲ್ಲಿ ಉಬುಂಟು ಬೂಟ್ ಆಗಲಿಲ್ಲ, ನೆನಪಿದೆಯಾ? ‘ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್’ ಅಂತ ಬಂದು ಮಷಿನ್ ತಾನಾಗೇ ಆಫ್ ಆಗುತ್ತಿತ್ತು. ಗ್ರಬ್‌ನ ಹಳೆ ತೂತು ಮುಚ್ಚೋಕೆ ಹಳೆ ಶಿಮ್‌ಗಳನ್ನು ತಡೆಹಿಡಿದಿದ್ದರು. ಅದರ ಪೆಟ್ಟು ಡ್ಯುಯಲ್ ಬೂಟ್‌ನವರಿಗೂ ಬಿತ್ತು.

ಗ್ರಬ್_ಗೆಳೆಯ · ಸಂಜೆ 8:16

ಹೌದು, ಆ ವಾರ ಅಣ್ಣನ ಮಗ, ಪಕ್ಕದ ಮನೆಯವರು, ಆಫೀಸಿನ ಇಬ್ಬರು, ಎಲ್ಲರೂ ನನಗೇ ಫೋನ್. ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟುಗೆ ಹೋಗಬೇಕಿತ್ತು. ಮೋಕ್‌ಯುಟಿಲ್ ಕಮಾಂಡ್‌ನಿಂದ ಎಸ್‌ಬ್ಯಾಟ್ (ಹಳೆ ಶಿಮ್ ತಡೆಯುವ ನಿಯಮ) ಪಾಲಿಸಿ ಡಿಲೀಟ್ ಅಂತ ಕೊಟ್ಟು, ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಉಬುಂಟುಗೇ ಹೋಗಿ, ಆಮೇಲೆ ಸೆಕ್ಯೂರ್ ಬೂಟ್ ಆನ್. ಅಲ್ಲಿಗೆ ಮುಗಿಯಲ್ಲ, ಉಬುಂಟು ಅಪ್‌ಡೇಟ್ ಮಾಡಿ ಹೊಸ ಶಿಮ್ ಹಾಕಿಕೊಳ್ಳಬೇಕು. ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ ಇಟ್ಟವರು ಜಾಸ್ತಿ ಒದ್ದಾಡಿದರು.

ಅಡಿಕೆ_ತೋಟ · ರಾತ್ರಿ 8:47

ಬಂತು!!! ಗ್ರಬ್ ಬಂತು! ಶಿಮ್ ಆರಿಸಿ ಮೇಲಕ್ಕೆ ತಂದೆ, ಸೇವ್ ಕೊಟ್ಟೆ, ಅದೇ ಹಳೆ ಮೆನು. ಉಬುಂಟು ತೆರೆಯಿತು, ಕ್ಯಾಮೆರಾ ಓಡಿತು. ಮನೆಯವರೆಲ್ಲ ಬಂದು ನೋಡಿದರು.

ಆಮೇಲೆ ಅದೇ ಮೆನುವಿನಿಂದ ವಿಂಡೋಸ್ ಆರಿಸಿದೆ. ಹುಬ್ಬಳ್ಳಿ ಅಣ್ಣ ಹೇಳಿದ ನೀಲಿ ಸ್ಕ್ರೀನ್ ಬಂತು, 48 ಅಂಕಿ ಕೇಳಿತು. ಲ್ಯಾಬ್ ರೆಕಾರ್ಡ್ ತೆಗೆದು ಹಾಕಿದೆ, ತೆರೆಯಿತು. ನೀವು ಹೇಳದೆ ಇದ್ದಿದ್ದರೆ ನನ್ನ ಗತಿ ಏನು ಅಣ್ಣಾ? ಇದು ಪ್ರತಿ ಸಲ ಕೇಳುತ್ತಾ?

ಹುಬ್ಬಳ್ಳಿ_ಹಾರ್ಡ್‌ವೇರ್ · ರಾತ್ರಿ 9:05

ದೊಡ್ಡ ಸಮಾಧಾನ ಆಯ್ತು. ವಿಂಡೋಸ್ ನೇರ ಬೂಟ್ ಆಗುವಾಗ ಬೀಗ ಆ ದಾರಿಯನ್ನು ನೆನಪಿಟ್ಟುಕೊಂಡಿತ್ತು. ಈಗ ನೀನು ಶಿಮ್, ಗ್ರಬ್ ಮೂಲಕ ಸುತ್ತಿಕೊಂಡು ಬಂದೆ. ‘ಇದ್ಯಾರು ಹೊಸಬರು’ ಅಂತ ಕೇಳಿತು, ಅಷ್ಟೇ. ಮತ್ತೆ ಕೇಳಿದರೆ ಎರಡು ದಾರಿ ಇವೆ. ವಿಂಡೋಸ್ ಬೇಕಾದಾಗ ಎಫ್12 ಒತ್ತಿ ನೇರವಾಗಿ ಹೋಗು. ಇಲ್ಲವೇ ಗ್ರಬ್ ಮೂಲಕ ಬಂದು ಬಿಟ್‌ಲಾಕರ್ ಒಮ್ಮೆ ಸಸ್ಪೆಂಡ್ ಮಾಡಿ ರೆಸ್ಯೂಮ್ ಕೊಡು, ಆ ದಾರಿಯನ್ನೇ ನೆನಪಿಟ್ಟುಕೊಳ್ಳುತ್ತೆ. ನನಗೆ ಮೊದಲನೆಯದೇ ಒಳ್ಳೆಯದು ಅನಿಸುತ್ತೆ.

ಮುಂದೆ ಯಾವ ಅಂಗಡಿಗೆ ಲ್ಯಾಪ್‌ಟಾಪ್ ಕೊಟ್ಟರೂ ‘ಇದರಲ್ಲಿ ಎರಡು ಸಿಸ್ಟಮ್ ಇದೆ’ ಅಂತ ಚೀಟಿ ಅಂಟಿಸಿ ಕೊಡು. ಹಾಗೆ ಹೇಳಿದ ಗಿರಾಕಿಗಳ ಬೂಟ್ ಪಟ್ಟಿಯ ಫೋಟೋ ನಾನು ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ.

ಚಿಕ್ಕೋಡಿ_ಚಹಾ · ಮಂಗಳವಾರ ಬೆಳಿಗ್ಗೆ 7:30

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಉಲ್ಟಾ ಆಗಿದೆ. 22.04 ಹೊಸದಾಗಿ ಹಾಕಿದೆ, ಗ್ರಬ್‌ನಲ್ಲಿ ವಿಂಡೋಸ್ ಹೆಸರೇ ಇಲ್ಲ.

ಗ್ರಬ್_ಗೆಳೆಯ · ಬೆಳಿಗ್ಗೆ 7:48

ಎಫ್12ರಲ್ಲಿ ವಿಂಡೋಸ್ ಬರುತ್ತಾ? ಬಂದರೆ ಅದು ಕ್ಷೇಮವಾಗಿದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್ ಪ್ರೋಬರ್ ಮೊದಲಿಂದಲೇ ಆಫ್ ಇರುತ್ತೆ. ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರ್‌ನ ಗ್ರಬ್ ಫೈಲ್ ತೆರೆಯಿರಿ. ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನೋ ಸಾಲಿಗೆ ‘ಫಾಲ್ಸ್’ ಕೊಡಿ. ಸೇವ್ ಮಾಡಿ ಅಪ್‌ಡೇಟ್ ಗ್ರಬ್ ಓಡಿಸಿ.

ಚಿಕ್ಕೋಡಿ_ಚಹಾ · ಬೆಳಿಗ್ಗೆ 8:02

ಬಂತ್ರೀ! ಬಾಳ ಉಪಕಾರ ಆಯ್ತು.

ಅಡಿಕೆ_ತೋಟ · ಮಂಗಳವಾರ ಮಧ್ಯಾಹ್ನ 1:15

ಇನ್ನೊಂದೇ ಪ್ರಶ್ನೆ, ಬೈಬೇಡಿ. ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಹಿಂದೆ ಹೋಗಿರುತ್ತೆ. ಈಗ 1:15, ಅಲ್ಲಿ ಬೆಳಿಗ್ಗೆ 7:45 ತೋರಿಸ್ತಿದೆ. ಇದು ಮೊದಲಿಂದಲೂ ಇತ್ತು, ಕೈಯಲ್ಲೇ ಸರಿ ಮಾಡಿಕೊಳ್ಳುತ್ತಿದ್ದೆ.

ಮೈಸೂರು_ಮೇಷ್ಟ್ರು · ಮಧ್ಯಾಹ್ನ 1:40

ಸರಿಯಾಗಿ ಐದೂವರೆ ಗಂಟೆ ಹಿಂದೆ ಅಲ್ವಾ? ಅಂದರೆ ಗಡಿಯಾರದ ಬ್ಯಾಟರಿ ಹೋಗಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ಉಬುಂಟು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ ಇಡುತ್ತೆ. ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತೆ. ಭಾರತದ ಸಮಯ ಯುಟಿಸಿಗಿಂತ 5:30 ಮುಂದೆ, ಅದೇ ವ್ಯತ್ಯಾಸ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಲ್ಲಿ ಲೋಕಲ್ ಆರ್‌ಟಿಸಿ 1 ಅಂತ ಕೊಟ್ಟರೆ ಉಬುಂಟು ವಿಂಡೋಸ್ ರೀತಿಗೆ ಹೊಂದಿಕೊಳ್ಳುತ್ತೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲೂ ಬದಲಿಸಬಹುದು. ಎರಡರಲ್ಲಿ ಒಂದು ಕಡೆ ಮಾತ್ರ ಮಾಡು, ಎರಡೂ ಕಡೆ ಮಾಡಿದರೆ ಮತ್ತೆ ತಪ್ಪುತ್ತೆ.

ಹುಬ್ಬಳ್ಳಿ_ಹಾರ್ಡ್‌ವೇರ್ · ಮಧ್ಯಾಹ್ನ 1:52

ಮೇಷ್ಟ್ರು ಹೇಳಿದ್ದು ಸರಿ. ಐದೂವರೆ ಗಂಟೆ ಅಲ್ಲದೆ, ಪ್ಲಗ್ ತೆಗೆದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋದರೆ ಆಗ ಬ್ಯಾಟರಿ. ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಜಾಸ್ತಿ. ಸಿಆರ್2032 ನಾಣ್ಯದ ಸೆಲ್, ಬದಲಿಸೋದು ಎರಡು ನಿಮಿಷ.

ಅಡಿಕೆ_ತೋಟ · ಗುರುವಾರ ಸಂಜೆ 5:20

ರಿವ್ಯೂ ಆಯ್ತು. ರಾಶಿ, ಸರಕು ಚೆನ್ನಾಗಿ ಗುರುತಿಸಿತು. ಗೊರಬಲು ಕೆಲವನ್ನು ಬೆಟ್ಟೆ ಅಂತ ಹೇಳಿತು. ಮೇಡಂ ‘ಬೆಳಕು ಬದಲಾಯಿಸಿ ಇನ್ನಷ್ಟು ಫೋಟೋ ತೆಗಿ’ ಅಂದರು. ಶನಿವಾರ ಅಪ್ಪನ ಜೊತೆ ಮತ್ತೆ ಮಂಡಿಗೆ ಹೋಗುತ್ತೇನೆ.

ಬೂಟ್ ಪಟ್ಟಿಯ ಫೋಟೋ ತೆಗೆದಿಟ್ಟಿದ್ದೇನೆ. ಬ್ಯಾಕಪ್‌ಗೆ ಅಂತ ಅಮ್ಮ ಹಾರ್ಡ್ ಡಿಸ್ಕ್‌ಗೆ ದುಡ್ಡು ಕೊಟ್ಟಿದ್ದಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪ್ರೆಸ್_ಅಂಗಡಿ · ಸಂಜೆ 5:34

ಗೊರಬಲು ಹೊರಗೆ ನೆರಳಿನಲ್ಲಿ ಇಟ್ಟು ತೆಗಿಯಮ್ಮ. ನಮ್ಮ ತೋಟದ್ದು ಎರಡು ಚೀಲ ಇದೆ, ಬೇಕಾದರೆ ಇಲ್ಲಿಂದಲೇ ಫೋಟೋ ತೆಗೆದು ಕಳಿಸ್ತೀನಿ. ಎಷ್ಟು ದೂರದಿಂದ ತೆಗೀಬೇಕು ಹೇಳು.